ಡಾಕ್ಟ್ರಮ್ಮ ಆರಿಸಿದ ಗಾಡಿ

ಡಾಕ್ಟ್ರಮ್ಮ ನಿವೃತ್ತರಾಗಿ ಮೂರು ತಿಂಗಳಾಯಿತು. ಮಂಡ್ಯದಲ್ಲಿ ನಡೆದ ಬೀಳ್ಕೊಡುಗೆಯಲ್ಲಿ, ಅವರ ಜೊತೆ ಹೆಚ್ಚು ಕಾಲ ಕೆಲಸ ಮಾಡಿದವನು ನಾನೇ ಎಂದು ಮೈಕನ್ನು ನನ್ನ ಕೈಗೆ ಕೊಟ್ಟರು. ನಾನು ಎದ್ದು ನಿಂತು, ಮೇಡಂ ಶಿಸ್ತಿನವರು, ಅವರಿಂದ ಬಹಳ ಕಲಿತಿದ್ದೇನೆ ಎಂದು ಹೇಳಿ ಕೂತುಬಿಟ್ಟೆ. ಯಾರ ಬೀಳ್ಕೊಡುಗೆಯಲ್ಲಿ ಬೇಕಾದರೂ ಹೇಳಬಹುದಾದ ಮಾತು. ಹೇಳಬೇಕಾಗಿದ್ದದ್ದು ಬೇರೆ. ಅದರಲ್ಲಿ ನನ್ನ ಮರ್ಯಾದೆ ಹೋಗುವ ಭಾಗವೂ ಇದ್ದುದರಿಂದ ಬಾಯಿ ಬರಲಿಲ್ಲ. ಆಮೇಲೆ ಅವರಿಗೆ ಫೋನು ಮಾಡಿ, ಬರೆಯಲೇ ಎಂದು ಕೇಳಿದೆ. ತಮ್ಮ ಹೆಸರು ಹಾಕದಿದ್ದರೆ ಬರೆಯಿರಿ ಎಂದರು.

ನಮ್ಮದು ಮಳವಳ್ಳಿ ಕಡೆಯ ಪಶು ಆಸ್ಪತ್ರೆ. ನಾನು ಅಲ್ಲಿ ಕಂಪೌಂಡರ್. ಹುಟ್ಟಿದ್ದೂ ಅದೇ ಸೀಮೆಯಲ್ಲಿ, ಗದ್ದೆ, ಕಬ್ಬು, ಹತ್ತಾರು ದಾಯಾದಿಗಳು ಇರುವ ಮನೆಯಲ್ಲಿ. ಡಾಕ್ಟ್ರಮ್ಮ ಮದ್ದೂರಿನ ಹತ್ತಿರದ ಹಳ್ಳಿಯವರು. ಮೊದಲ ದಿನವೇ ಮೇಜಿನ ಮೇಲೆ ಅಂಗೈಯಷ್ಟು ಎತ್ತರದ ಬುದ್ಧನ ಮೂರ್ತಿಯನ್ನು ಇಟ್ಟುಕೊಂಡರು. ಆ ಮೂರ್ತಿಯನ್ನು ನೋಡಿಯೇ ಸುತ್ತಲಿನ ಊರುಗಳು ಅವರು ಯಾರ ಪೈಕಿ ಎಂದು ಲೆಕ್ಕ ಹಾಕಿಕೊಂಡವು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವರು ಕೊಟ್ಟಿಗೆಯೊಳಕ್ಕೆ ಒಮ್ಮೆಲೇ ನುಗ್ಗುತ್ತಿರಲಿಲ್ಲ. ಬಾಗಿಲಲ್ಲಿ ಹಸುವಿಗೆ ಕಾಣುವ ಹಾಗೆ ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು. ಮನೆಯವರು ಅವಸರ ಮಾಡಿದರೆ, ‘ತಾಳಿ, ಮೊದ್ಲು ಅದು ನನ್ನ ನೋಡ್ಕಳ್ಲಿ’ ಎನ್ನುತ್ತಿದ್ದರು. ಆಮೇಲೆ ಹತ್ತಿರ ಹೋಗಿ ಕಿವಿಯ ಬುಡಕ್ಕೆ ಅಂಗೈ ಇಟ್ಟು ಜ್ವರ ನೋಡುತ್ತಿದ್ದರು. ಥರ್ಮಾಮೀಟರ್ ಹಾಕುತ್ತಿದ್ದದ್ದು ಅದಾದ ಮೇಲೆ. ಅಂಗೈ ಒಂದು, ಥರ್ಮಾಮೀಟರ್ ಒಂದು ಹೇಳಿದ್ದನ್ನು ನಾನು ಕಂಡಿಲ್ಲ. ಮಾತು ಕಡಿಮೆ. ನನ್ನನ್ನು ‘ಕಂಪೌಂಡ್ರೇ’ ಎಂದೇ ಕೂಗುತ್ತಿದ್ದರು. ಕೋಪ ಬಂದಾಗ ಅದೂ ಇರುತ್ತಿರಲಿಲ್ಲ, ಎತ್ತಿಕೊಳ್ಳಿ ಎಂಬಂತೆ ಬರೀ ಔಷಧಿ ಚೀಲ ತೋರಿಸುತ್ತಿದ್ದರು.

ವರ್ಷಗಟ್ಟಲೆ ಸ್ಕೂಟರಿನಲ್ಲೇ ಊರೂರು ಸುತ್ತಿದರು. ಒಂದು ದಿನ ಜಲ್ಲಿ ಸುರಿದಿದ್ದ ತಿರುವಿನಲ್ಲಿ ಜಾರಿ ಬಿದ್ದು ಎಡಗೈಯ ಮಣಿಕಟ್ಟು ಮುರಿಯಿತು. ಪಟ್ಟಿ ಬಿಚ್ಚಿ ಕೆಲಸಕ್ಕೆ ಬಂದ ದಿನವೇ, ನಾಲ್ಕು ಚಕ್ರದ ಗಾಡಿ ತಗೊಳ್ಳುತ್ತೇನೆ ಎಂದರು. ಅಲ್ಲಿಂದ ಶುರುವಾಯಿತು.

ನಮ್ಮ ಕಡೆ ಹೆಣ್ಣು ನೋಡುವುದಕ್ಕಿಂತ ಗಾಡಿ ನೋಡುವುದಕ್ಕೆ ಹೆಚ್ಚು ಜನ ಸೇರುತ್ತಾರೆ. ಔಷಧಿ ತಗೊಳ್ಳಲು ಬಂದವರೆಲ್ಲ ಸಲಹೆ ಕೊಟ್ಟು ಹೋದರು. ನನ್ನ ಹೆಂಡತಿಯ ತಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕೆಲಸದಲ್ಲಿದ್ದಾನೆ. ಅವನು ಅಲ್ಲಿಂದ ಫೋನು ಮಾಡಿ, ತಗೊಂಡರೆ ಎಸ್‌ಯುವಿಯನ್ನೇ ತಗೊಳ್ಳಬೇಕು, ಮಿಕ್ಕಿದ್ದೆಲ್ಲ ಡಬ್ಬ ಎಂದ. ಡೀಸೆಲ್ಲು ಅನ್ನುವವರು ಪೆಟ್ರೋಲಿನವರನ್ನು ಮಾತಾಡಲು ಬಿಡುತ್ತಿರಲಿಲ್ಲ. ನನಗೂ ಗಾಡಿಯ ಹುಚ್ಚು. ಸಣ್ಣ ಬಿಳಿ ಕಾರು ಒಂದನ್ನು ಗುರುತು ಮಾಡಿಟ್ಟು ದಿನಾ ಅದನ್ನೇ ಹೇಳಿದೆ. ಹಳ್ಳಿಯ ಓಣಿಗಳಲ್ಲಿ ತಿರುಗುತ್ತದೆ, ಮೈಲೇಜು ಚೆನ್ನ, ಹೆಂಗಸರ ಕೈಗೆ ಹಗುರ. ಇವೆಲ್ಲ ಬಾಯಲ್ಲಿ ಹೇಳಿದ ಕಾರಣಗಳು. ಹೇಳದೆ ಇದ್ದ ಒಂದು ಕಾರಣವೂ ಇತ್ತು. ನಮ್ಮ ಊರುಗಳಲ್ಲಿ ದೊಡ್ಡ ಗಾಡಿ ಯಾರ ಮನೆ ಮುಂದೆ ನಿಲ್ಲಬೇಕು ಎಂಬುದಕ್ಕೆ ಬರೆಯದ ಒಂದು ನಿಯಮವಿದೆ. ಡಾಕ್ಟ್ರಮ್ಮ ಅದಕ್ಕೆ ಕೈ ಹಾಕುವುದು ಬೇಡ ಎಂದು ನನ್ನ ಆಸೆ. ಅವರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ಆಗ ನಂಬಿದ್ದೆ.

ಅವರು ಎಲ್ಲವನ್ನೂ ಕೇಳಿಸಿಕೊಂಡು, ಒಂದು ಭಾನುವಾರ ಮಂಡ್ಯದ ಶೋರೂಮಿಗೆ ನನ್ನನ್ನೂ ಕರೆದುಕೊಂಡು ಹೋದರು. ಮೈಸೂರಿನಲ್ಲಿ ಬ್ಯಾಂಕ್ ಅಧಿಕಾರಿಯಾಗಿದ್ದ ಅವರ ಅಣ್ಣನೂ ಬಂದಿದ್ದರು. ಇಸ್ತ್ರಿ ಮಡಿಕೆ ಕೆಡದ ಷರಟು, ಮೆಲುಮಾತಿನ ಮನುಷ್ಯ. ಹಿಂದೆ ಉದ್ದಕ್ಕೆ ಡಿಕ್ಕಿ ಇರುವ ಬೂದು ಬಣ್ಣದ ಕಾರೊಂದನ್ನು ಅವರು ಮೊದಲೇ ಮನಸ್ಸಿನಲ್ಲಿ ಆರಿಸಿಕೊಂಡು ಬಂದಿದ್ದರು. ಅದರ ಬಾಗಿಲನ್ನು ತೆರೆದು ಮುಚ್ಚಿ, ಸದ್ದು ಕೇಳಿ, ‘ಇದು ಕಾರು ಅಂದ್ರೆ’ ಎಂದರು. ಶೋರೂಮಿನ ಹುಡುಗ ಗಾಡಿ ಕೊಳ್ಳುವವರನ್ನು ಬಿಟ್ಟು ಒಮ್ಮೆ ಅಣ್ಣನಿಗೆ, ಒಮ್ಮೆ ನನಗೆ ವಿವರಿಸುತ್ತಿದ್ದ.

ಡಾಕ್ಟ್ರಮ್ಮ ಮಾತ್ರ ಮೂಲೆಗೆ ಹೋಗಿ ನಿಂತಿದ್ದರು. ಅಲ್ಲೊಂದು ಪಿಕಪ್ ಇತ್ತು. ಮುಂದೆ ಐದು ಜನ ಕೂರುವ ಕ್ಯಾಬಿನ್, ಹಿಂದೆ ಲಾರಿಗಿರುವ ಹಾಗೆ ತೆರೆದ ತೊಟ್ಟಿ. ಕಡು ನೀಲಿ. ಅವರು ಹಿಂದಿನ ಬಾಗಿಲು ಇಳಿಸಿ, ತೊಟ್ಟಿಯ ತಳಕ್ಕೆ ಅಂಗೈ ಊರಿ ನೋಡಿದರು. ಆಮೇಲೆ ಸೀರೆ ಸೊಂಟಕ್ಕೆ ಸಿಕ್ಕಿಸಿ ಮುಂದಿನ ಸೀಟು ಹತ್ತಿ ಸ್ಟಿಯರಿಂಗ್ ಹಿಡಿದರು. ಹತ್ತು ನಿಮಿಷ ಇಳಿಯಲಿಲ್ಲ.

ಅಣ್ಣನ ಮುಖ ಕಪ್ಪಿಟ್ಟಿತು. ಹತ್ತಿರ ಹೋಗಿ, ಹುಡುಗನಿಗೆ ಕೇಳಿಸದ ಹಾಗೆ ಹಲ್ಲು ಕಚ್ಚಿ ಹೇಳಿದರು. ನನಗೆ ಕೇಳಿಸಿತು.

‘ಲೋಡು ಗಾಡಿನಾ? ಅಪ್ಪ ಹೊತ್ತಿದ್ದು ಸಾಲ್ದು ಅಂತ ನೀನೂ ದನ ಹೊರ್ಬೇಕಾ?’

ಅವರ ತಂದೆ ಊರಲ್ಲಿ ಸತ್ತ ದನಗಳನ್ನು ಹೊತ್ತು ಹಾಕುತ್ತಿದ್ದವರು ಎಂಬುದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಡಾಕ್ಟ್ರಮ್ಮ ಸ್ಟಿಯರಿಂಗ್‌ನಿಂದ ಕೈ ತೆಗೆಯಲಿಲ್ಲ.

‘ಅಪ್ಪ ಹೊತ್ತಿದ್ದು ಸತ್ತಿದ್ವನ್ನ ಕಣಣ್ಣ. ನಾನು ಬದುಕಿರೋವನ್ನ ಹೊರ್ತೀನಿ.’

ಅಣ್ಣ ಹೊರಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ಹಿಂದಿರುಗುವಾಗ ಬಸ್ಸಿನಲ್ಲಿ ನಾನು, ಕೆಲಸಕ್ಕೆ ಒದಗುತ್ತದೆ ಎಂದು ಹೇಳಿದರೆ ಅಣ್ಣನವರೂ ಒಪ್ಪಬಹುದು ಎಂದೆ. ಡಾಕ್ಟ್ರಮ್ಮ ತಲೆಯಾಡಿಸಿದರು. ‘ಕೆಲ್ಸಕ್ಕೆ ಅಂದ್ರೆ ಎಲ್ರೂ ಒಪ್ತಾರೆ ಕಂಪೌಂಡ್ರೇ. ಆದ್ರೆ ಅದು ಪೂರ್ತಿ ನಿಜ ಅಲ್ಲ. ನಂಗೆ ಎತ್ತರದಲ್ಲಿ ಕೂತು ಓಡ್ಸೋದು ಇಷ್ಟ. ಇಷ್ಟ ಅಂದ್ರೆ ಇಷ್ಟ, ಅಷ್ಟೇ.’ ಮುಂದಿನ ತಿಂಗಳು ನೀಲಿ ಪಿಕಪ್ ಆಸ್ಪತ್ರೆಯ ಬೇವಿನ ಮರದ ಕೆಳಗೆ ನಿಂತಿತು. ಅಣ್ಣ ಒಂದು ವರ್ಷ ಅದರ ಹತ್ತಿರ ಸುಳಿಯಲಿಲ್ಲ.

ಗಾಡಿ ಬಂದ ಮೇಲೆ ಕೆಲಸ ಹಗುರಾಯಿತು. ಕಾಲು ಮುರಿದ ಕರುಗಳನ್ನು ಹುಲ್ಲಿನ ಮೇಲೆ ಮಲಗಿಸಿ ಆಸ್ಪತ್ರೆಗೆ ತರುತ್ತಿದ್ದೆವು. ಮಾತು ಮಾತ್ರ ಭಾರವಾಯಿತು. ಡೈರಿಯ ಮುಂದೆ ಹಾಲು ಹಾಕಲು ನಿಂತವರು ಗಾಡಿ ಬಂದರೂ ಬೇಗ ಸರಿಯುತ್ತಿರಲಿಲ್ಲ. ನನ್ನ ಚಿಕ್ಕಪ್ಪ ಒಮ್ಮೆ ನನ್ನನ್ನು ಕರೆದು, ನಿಮ್ಮ ಡಾಕ್ಟ್ರಮ್ಮನಿಗೆ ಊರೊಳಗೆ ಗಾಡಿ ತಂದು ಮೆರೆಯುವುದು ಬೇಡವೆಂದು ಹೇಳು ಎಂದರು. ನಾನು ಅದನ್ನು ಅವರಿಗೆ ಮುಟ್ಟಿಸಿದ್ದು, ‘ಓಣೀಲಿ ಮಕ್ಳು ಆಡ್ತವೆ ಮೇಡಂ, ನಿಧಾನಕ್ಕೆ ಹೋಗೋಣ’ ಎಂದು. ಅವರು ನನ್ನನ್ನೊಮ್ಮೆ ನೋಡಿ, ‘ನಾನು ನಿಧಾನಕ್ಕೇ ಹೋಗೋದು’ ಎಂದರು. ಅದು ನಿಜ.

ಕಬ್ಬು ಕಡಿಯುವ ಕಾಲ ಶುರುವಾಗಿತ್ತು. ಒಂದು ಮಧ್ಯಾಹ್ನ ಫೋನು ಬಂತು. ಬೀಡಾ ಅಂಗಡಿ ಇಟ್ಟುಕೊಂಡಿದ್ದ ಗಂಡಹೆಂಡಿರ ಹಸು ಬೆಳಗಿನಿಂದ ಈಯಲಾರದೆ ಒದ್ದಾಡುತ್ತಿದೆ, ಕರು ಅಡ್ಡ ತಿರುಗಿದೆ. ಆ ಊರಿಗೆ ಹತ್ತಿರದ ದಾರಿ ನಾಲೆ ಏರಿಯದು. ಎಡಗಡೆ ತುಂಬಿ ಹರಿಯುವ ನೀರು, ಬಲಗಡೆ ಎರಡಾಳು ಆಳದಲ್ಲಿ ಗದ್ದೆ. ತಡೆಗೋಡೆ ಇಲ್ಲ. ಒಂದು ಗಾಡಿ ಹೋಗುವಷ್ಟೇ ಅಗಲ, ಅಲ್ಲಲ್ಲಿ ಮಾತ್ರ ಎದುರು ಬಂದದ್ದು ಸರಿದು ನಿಲ್ಲುವಷ್ಟು ಜಾಗ. ಅಂಥ ಜಾಗ ಯಾರಿಗೆ ಹತ್ತಿರವೋ ಅವರು ಹಿಂದಕ್ಕೆ ಹೋಗಬೇಕು. ಎತ್ತಿನಗಾಡಿ ಕಾಲದಿಂದಲೂ ಅದೇ ಪದ್ಧತಿ.

ಅರ್ಧ ದಾರಿ ದಾಟಿದ್ದೆವು. ಎದುರಿಗೆ ಬಿಳಿ ಎಸ್‌ಯುವಿಯೊಂದು ಬಂತು. ನನ್ನ ಚಿಕ್ಕಪ್ಪನ ಮಗನದು, ವರಸೆಯಲ್ಲಿ ನನಗೆ ತಮ್ಮ. ಒಳಗೆ ಅವನ ಗೆಳೆಯರು ಮೂವರು. ಅವನ ಹಿಂದೆ ಐವತ್ತು ಅಡಿಯಲ್ಲೇ ತೂಬಿನ ಪಕ್ಕ ಅಗಲ ಜಾಗವಿತ್ತು. ನಮಗೆ ಹಿಂದಕ್ಕೆ ಎರಡು ಫರ್ಲಾಂಗು. ಅವನು ಅಲ್ಲಾಡಲಿಲ್ಲ, ಹಾರ್ನಿನ ಮೇಲೆ ಕೈಯಿಟ್ಟ. ಡಾಕ್ಟ್ರಮ್ಮ ಸ್ವಲ್ಪ ಕಾದು, ‘ನಿಮ್ಮೋರಲ್ವಾ? ಹಸು ವಿಷ್ಯ ಒಸಿ ಹೇಳಿ’ ಎಂದರು.

ಇಳಿದು ಹೋದೆ. ಅವನು ಗಾಜು ಇಳಿಸಿದ.

‘ಅಣ್ಣೋ, ನೀನ್ಯಾಕ್ ಇಳ್ದು ಬಂದೆ? ಆವಮ್ಮಂಗೆ ಯೋಳು, ಇಂದಕ್ಕೆ ಓಗ್ಲಿ. ನಾನ್ ಓಗಕಿಲ್ಲ.’

ಕರುವಿನ ವಿಷಯ ಹೇಳಿದೆ. ಐವತ್ತೇ ಅಡಿ ಎಂದೂ ಹೇಳಿದೆ. ಅವನು ಗೆಳೆಯರ ಕಡೆ ನೋಡಿ ನಕ್ಕ. ಅವರೆದುರು ಅವನು ಬಗ್ಗುವುದಿಲ್ಲ ಎಂದು ಗೊತ್ತಾಯಿತು. ಬೈದು ಬಗ್ಗಿಸುವ ಹಕ್ಕು ನನಗಿತ್ತು. ಅವನಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವನು, ಅವನನ್ನು ಎತ್ತಿ ಆಡಿಸಿದವನು. ಬೈಯಲಿಲ್ಲ. ತಿರುಗಿ ಬಂದು, ‘ನಾವೇ ಹಿಂದಕ್ಕೆ ಹೋಗ್ಬುಡಣ ಮೇಡಂ. ಇವರ ಕೂಡೆ ಯಾಕೆ’ ಎಂದೆ.

ಅವರು ಕನ್ನಡಿಗಳನ್ನು ಸರಿ ಮಾಡಿಕೊಂಡು ರಿವರ್ಸ್ ಗೇರು ಹಾಕಿದರು.

ಆ ಎರಡು ಫರ್ಲಾಂಗು ನನಗೆ ಇವತ್ತಿಗೂ ನೆನಪಿದೆ. ನನ್ನ ಕಿಟಕಿಯ ಕೆಳಗೆ ಮಣ್ಣೇ ಕಾಣುತ್ತಿರಲಿಲ್ಲ, ನೀರೇ. ಬಿಳಿ ಗಾಡಿ ಮೂಗಿಗೆ ಮೂಗು ತಾಗಿಸುವ ಹಾಗೆ ಒತ್ತಿಕೊಂಡು ಬರುತ್ತಿತ್ತು. ಡಾಕ್ಟ್ರಮ್ಮ ಒಂದೊಂದು ಕನ್ನಡಿಯನ್ನೂ ಸರದಿಯಲ್ಲಿ ನೋಡುತ್ತ, ಮುರಿದು ಕೂಡಿದ್ದ ಎಡಗೈಯಲ್ಲಿ ಸ್ಟಿಯರಿಂಗನ್ನು ಬೆರಳಗಲ ಬೆರಳಗಲ ತಿರುಗಿಸುತ್ತಿದ್ದರು. ನಡುವೆ ಒಂದು ಕಡೆ ಹಿಂದಿನ ಎಡ ಚಕ್ರ ಕುಸಿಯಿತು. ಏರಿಯ ಮಣ್ಣು ನೀರಿಗೆ ಬಿದ್ದ ಸದ್ದು ಕೇಳಿಸಿತು. ಗಾಡಿ ನನ್ನ ಕಡೆಗೆ ವಾಲಿತು. ನಾನು ಬಾಗಿಲಿನ ಹಿಡಿಕೆ ಹಿಡಿದೆ. ತೆಗೆದರೆ ನೇರ ನಾಲೆಗೆ ಎಂದು ಹೊಳೆದು ಬಿಟ್ಟೆ. ‘ಅಲ್ಲಾಡ್ಬೇಡಿ’ ಎಂದರು. ಬ್ರೇಕಿನ ಮೇಲೆ ಕಾಲಿಟ್ಟು ಹಾಗೇ ಕೂತರು. ಮುಂದೆ ಸರಿಯಲು ಅಡಿಯಷ್ಟೂ ಜಾಗವಿರಲಿಲ್ಲ. ಆಗ ಮಾತ್ರ ನನ್ನ ತಮ್ಮನಿಗೂ ಹೆದರಿಕೆಯಾಯಿತೇನೋ, ನಾಲ್ಕು ಅಡಿ ಹಿಂದೆ ಸರಿದ. ಇವರು ಮುಂದಕ್ಕೆ ತೆಗೆದು ಚಕ್ರವನ್ನು ಏರಿಗೆ ಹತ್ತಿಸಿಕೊಂಡು, ಮತ್ತೆ ಹಿಂದಕ್ಕೆ ಹೊರಟರು. ಅಗಲ ಜಾಗ ಸಿಕ್ಕಿ ನಿಂತಾಗ ಬಿಳಿ ಗಾಡಿ ದೂಳೆಬ್ಬಿಸಿಕೊಂಡು ಹೋಯಿತು. ಒಳಗಿನಿಂದ ಯಾರೋ ಸಿಳ್ಳೆ ಹಾಕಿದರು.

ನಾವು ಹೋಗುವ ಹೊತ್ತಿಗೆ ಹಸು ಮಲಗಿಬಿಟ್ಟಿತ್ತು. ಡಾಕ್ಟ್ರಮ್ಮ ಅವತ್ತೂ ಬಾಗಿಲಲ್ಲಿ ನಿಂತರು, ಆದರೆ ನಿಮಿಷ ನಿಲ್ಲಲಿಲ್ಲ. ಭುಜದವರೆಗೆ ಕೈ ಹಾಕಿ ಕರುವನ್ನು ತಿರುಗಿಸಿ, ಮುಂಗಾಲಿಗೆ ಹಗ್ಗ ಸಿಕ್ಕಿಸಿ ಎಳೆದೆವು. ಹೆಣ್ಣುಕರು. ಉಸಿರಿರಲಿಲ್ಲ. ಮೂಗು ಬಾಯಿ ಒರೆಸಿ, ಹುಲ್ಲಿನಿಂದ ಎದೆ ತಿಕ್ಕಿ, ಎಷ್ಟು ಹೊತ್ತು ನೋಡಿದರೂ ಬರಲಿಲ್ಲ. ಹಸು ಉಳಿಯಿತು.

ಮನೆಯಾಕೆ ಕರುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದಳು: ‘ಇನ್ನೊಸಿ ಬಿರ್ನೆ ಬಂದಿದ್ರೆ ಬದುಕ್ತಿತ್ತಾ ಡಾಕ್ಟ್ರಮ್ಮ?’

‘ಗೊತ್ತಿಲ್ಲ ಕಣವ್ವ. ಬದುಕ್ತಿತ್ತೋ ಏನೋ. ದಾರೀಲಿ ತಡ ಆಯ್ತು.’

ಯಾಕೆ ತಡವಾಯಿತು ಎಂದು ಅವರು ಹೇಳಲಿಲ್ಲ. ಹೇಳಬೇಕಾದವನು ನಾನು. ನಾನು ಬಚ್ಚಲ ಹತ್ತಿರ ಹಗ್ಗ ತೊಳೆಯುತ್ತ, ತೊಳೆದದ್ದನ್ನೇ ಮತ್ತೆ ತೊಳೆಯುತ್ತ ನಿಂತಿದ್ದೆ.

ಆವತ್ತಿನಿಂದ ಅವರ ಮಣಿಕಟ್ಟು ಊದಿಕೊಂಡಿತು. ಮೂರು ವಾರ ಗಾಡಿಯನ್ನು ನಾನೇ ಓಡಿಸಿದೆ, ಅವರು ಪಕ್ಕದಲ್ಲಿ ಕೂರುತ್ತಿದ್ದರು. ಅದೇ ಏರಿಯ ಮೇಲೆ, ಬಹುತೇಕ ಅದೇ ಜಾಗದಲ್ಲಿ ಬಿಳಿ ಗಾಡಿ ಮತ್ತೆ ಎದುರಾಯಿತು. ನಾನು ನಿಧಾನ ಮಾಡುವಷ್ಟರಲ್ಲಿ ನನ್ನ ತಮ್ಮ ಸ್ಟಿಯರಿಂಗ್ ಹಿಂದೆ ಕೂತ ನನ್ನ ಮುಖ ನೋಡಿದ. ಕೂಡಲೇ ರಿವರ್ಸ್ ತಗೊಂಡ. ತೂಬಿನ ಪಕ್ಕ ಸರಿದು ನಿಂತು, ದಾಟುವಾಗ ಕೈಯೆತ್ತಿ, ‘ಓಗಣ್ಣ, ಓಗು’ ಎಂದ. ಒಂದು ನಿಮಿಷವೂ ಹಿಡಿಯಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಡಾಕ್ಟ್ರಮ್ಮ ಮುಂದೆ ನೋಡುತ್ತಲೇ ಕೇಳಿದರು. ‘ಆವತ್ತೂ ಇದೇ ಗಾಡಿ ಅಲ್ವಾ ಕಂಪೌಂಡ್ರೇ?’

ಸಾಯಂಕಾಲ ಚಿಕ್ಕಪ್ಪನ ಮನೆಗೆ ಹೋದೆ. ಆ ಹೆಣ್ಣುಕರುವಿನ ವಿಷಯ ಎತ್ತಿದೆ, ಆ ದಿನ ಏರಿಯ ಮೇಲೆ ನಡೆದದ್ದನ್ನು ಚಿಕ್ಕಪ್ಪನೆದುರೇ ಹೇಳಿದೆ. ತಮ್ಮ ಏನೂ ಆಗಿಲ್ಲವೆನ್ನುವ ಹಾಗೆ ಟೀವಿ ನೋಡುತ್ತಿದ್ದ. ಚಿಕ್ಕಪ್ಪ ಮಾತ್ರ, ಅವರಿಗೆ ದೊಡ್ಡ ಗಾಡಿ ಬೇಕಾಗಿದ್ದಾದರೂ ಯಾಕೆ, ಸಣ್ಣದು ತಗೊಂಡಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲವಲ್ಲ ಎಂದರು. ನಾನೇ ಆಡಿದ್ದ ಮಾತು. ಅವರ ಬಾಯಲ್ಲಿ ಕೇಳಿದಾಗ ಅದು ಏನೆಂದು ನನಗೆ ಗೊತ್ತಾಯಿತು. ಊಟಕ್ಕೆ ನಿಲ್ಲದೆ ಎದ್ದು ಬಂದೆ.

ಮಾರನೆಯ ವಾರ ಡಾಕ್ಟ್ರಮ್ಮ ಕೀಲಿಕೈಗೆ ಕೈ ಚಾಚಿದರು. ಕೈ ವಾಸಿಯಾಗಿದೆಯೇ ಎಂದು ಕೇಳಿದೆ. ಆಗಿದೆ ಎಂದರು. ಪೂರ್ತಿ ಆಗಿರಲಿಲ್ಲ.

ಆಮೇಲೆ ಹತ್ತು ಹನ್ನೆರಡು ದಿನ ಏನೂ ಆಗಲಿಲ್ಲ. ಆದರೂ ಏರಿ ಹತ್ತಿದ ಕೂಡಲೇ ಇಬ್ಬರೂ ಮಾತು ನಿಲ್ಲಿಸುತ್ತಿದ್ದೆವು. ದೂರದಲ್ಲಿ ಬಿಳಿ ಬಣ್ಣ ಕಂಡರೆ ಸಾಕು, ಅವರ ಬೆರಳು ಸ್ಟಿಯರಿಂಗಿನ ಮೇಲೆ ಬಿಗಿಯಾಗುವುದು ಕಾಣುತ್ತಿತ್ತು. ಕೊನೆಗೆ ಒಂದು ದಿನ ಬೆಳಗ್ಗೆ ಹತ್ತೂವರೆಗೆ ಬಂದೇ ಬಂತು. ಅವತ್ತು ನಮ್ಮ ಬೆನ್ನ ಹಿಂದೆ ಕಬ್ಬು ತುಂಬಿದ ಟ್ರ್ಯಾಕ್ಟರೂ ಬರುತ್ತಿತ್ತು. ನಾವು ಹಿಂದಕ್ಕೆ ಹೋಗಬೇಕೆಂದರೂ ಆಗುತ್ತಿರಲಿಲ್ಲ. ತಮ್ಮನಿಗೆ ಅದು ಕಾಣುತ್ತಿತ್ತು. ಆದರೂ ನಿಂತ. ಹಾರ್ನು ಹೊಡೆದ.

ಡಾಕ್ಟ್ರಮ್ಮ ಎಂಜಿನ್ ಆರಿಸಿದರು. ಬ್ಯಾಗಿನಿಂದ ರಿಜಿಸ್ಟರ್ ತೆಗೆದು ತೊಡೆಯ ಮೇಲಿಟ್ಟುಕೊಂಡು, ಬೆಳಗ್ಗೆ ನೋಡಿದ ಎಮ್ಮೆಯ ವಿವರ ಬರೆಯತೊಡಗಿದರು. ನನ್ನ ಕಡೆ ನೋಡಲಿಲ್ಲ. ಇಳಿದು ಹೋಗಿ ಎಂದೂ ಅನ್ನಲಿಲ್ಲ.

ನಾನು ಇಳಿಯಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಬಿಸಿಲಿಗೆ ಕ್ಯಾಬಿನ್ ಕಾಯಿತು. ಹಿಂದೆ ಟ್ರ್ಯಾಕ್ಟರಿನವನು ಇಳಿದು ಬಂದು ನಿಂತ, ಗದ್ದೆಯಲ್ಲಿದ್ದ ಇಬ್ಬರು ಏರಿ ಹತ್ತಿ ಬಂದರು. ಕಡೆಗೆ ತಮ್ಮ ತಾನೇ ಇಳಿದ. ಡಾಕ್ಟ್ರಮ್ಮನ ಕಡೆಯ ಕಿಟಕಿಗೆ ಬರಲಿಲ್ಲ. ನಾಲೆಯ ಅಂಚಿನಲ್ಲಿ ಹೆಜ್ಜೆ ಸಣ್ಣದು ಮಾಡಿಕೊಂಡು ನನ್ನ ಕಿಟಕಿಗೆ ಬಂದ.

‘ಏನಣ್ಣ ಇದು? ಯೋಳಕಿಲ್ವಾ ಆವಮ್ಮಂಗೆ?’

‘ನನ್ನೇನ್ ಕೇಳ್ತೀಯಾ? ಗಾಡಿ ಅವ್ರುದ್ದು. ಮಾತಾಡಂಗಿದ್ರೆ ಡಾಕ್ಟ್ರಮ್ಮನ ಕೂಡೆ ಮಾತಾಡು’ ಎಂದೆ.

‘ನಮ್ಮೋನಾಗಿ ಇಂಗಂತೀಯಾ?’

‘ಊಂ ಕಣ್ಲಾ. ಅಂತೀನಿ. ಆವತ್ತು ಅನ್ನಬೇಕಾಗಿತ್ತು.’

ಅವನ ಮುಖ ನೋಡಲು ನನಗೆ ಕಷ್ಟವಾಯಿತು, ಆದರೂ ನೋಡಿದೆ. ಅವನು ಸುತ್ತ ನಿಂತವರನ್ನು ನೋಡಿದ. ಯಾರಾದರೂ ತನ್ನ ಪರ ಮಾತಾಡಲಿ ಎಂದು ಕಾದ. ಟ್ರ್ಯಾಕ್ಟರಿನವನು ನೆಲ ನೋಡುತ್ತ, ಐವತ್ತಡಿ ಹಿಂದಕ್ಕೆ ತಗೊಂಡರೆ ಎಲ್ಲರೂ ಹೋಗಬಹುದಲ್ಲ, ಕಬ್ಬು ಒಣಗುತ್ತದೆ ಎಂದ. ತಮ್ಮ ಹೋಗಿ ಗಾಡಿ ಹತ್ತಿ ಬಾಗಿಲು ಬಡಿದ. ಹಿಂದಕ್ಕೆ ಹೋದ.

ಡಾಕ್ಟ್ರಮ್ಮ ರಿಜಿಸ್ಟರನ್ನು ಮುಚ್ಚಿ ಬ್ಯಾಗಿಗೆ ಹಾಕಿ ಗಾಡಿ ಚಾಲೂ ಮಾಡಿದರು. ತೂಬಿನ ಹತ್ತಿರ ಅವನನ್ನು ದಾಟುವಾಗ, ದಾರಿ ಬಿಟ್ಟವರಿಗೆ ಯಾರೇ ಡ್ರೈವರು ಎತ್ತುವ ಹಾಗೆ ಕೈ ಎತ್ತಿದರು. ಅವನು ಬೇರೆ ಕಡೆ ನೋಡುತ್ತಿದ್ದ.

ಆಮೇಲೆ ಚಿಕ್ಕಪ್ಪನ ಮನೆಯವರು ನಮ್ಮನ್ನು ಮಾತಾಡಿಸುವುದು ಬಿಟ್ಟರು. ಅವರ ಮಗಳ ಮದುವೆಯ ಪತ್ರಿಕೆ ನಮ್ಮ ಮನೆಗೆ ಬರಲಿಲ್ಲ. ನನ್ನ ಹೆಂಡತಿ ಅದಕ್ಕೆ ಎರಡು ದಿನ ಅತ್ತಳು. ನೀಲಿ ಗಾಡಿಗೆ ಏರಿಯ ಮೇಲೆ ಮಾತ್ರ ಮತ್ತೆ ಯಾರೂ ಅಡ್ಡ ನಿಲ್ಲಲಿಲ್ಲ.

ತಮ್ಮ ಹಿಂದಕ್ಕೆ ಸರಿದ ಆ ದಿನ ಏರಿ ಮುಗಿದು ಡಾಂಬರು ರಸ್ತೆ ಸಿಕ್ಕಿದ ಮೇಲೆ ಡಾಕ್ಟ್ರಮ್ಮ ಗಾಡಿಯನ್ನು ಹೊಂಗೆ ಮರವೊಂದರ ಪಕ್ಕಕ್ಕೆ ತಗೊಂಡು ನಿಲ್ಲಿಸಿದರು. ಇಳಿದು ನಾಲ್ಕು ಹೆಜ್ಜೆ ಹೋಗಿ ಬಗ್ಗಿ ವಾಂತಿ ಮಾಡಿಕೊಂಡರು. ನಾನು ನೀರಿನ ಬಾಟಲಿ ತಗೊಂಡು ಓಡಿದೆ. ಬಾಯಿ ಮುಕ್ಕಳಿಸಿ, ಮುಖ ತೊಳೆದು, ತೊಡೆಯ ಮೇಲೆ ಕೈಯೂರಿ ನಿಂತರು.

‘ಹೆದ್ರಿಕೆ ಆಗಿತ್ತು ಕಣ್ರಿ,’ ಎಂದರು. ‘ರಿಜಿಸ್ಟರಲ್ಲಿ ಏನು ಬರ್ದಿದ್ದೀನಿ ಅಂತ ನಂಗೇ ಗೊತ್ತಿಲ್ಲ.’

ಓಡಿಸಲು ನಾನು ಕೂರಲೇ ಎಂದು ಕೇಳಿದೆ. ಬೇಡ ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು, ಹಿಡಿಕೆ ಹಿಡಿದು ಎತ್ತರದ ಸೀಟಿಗೆ ಹತ್ತಿ ಕೂತು, ನಾನು ಹತ್ತುವವರೆಗೆ ಕಾದರು. ಆವತ್ತು ಇನ್ನೂ ಮೂರು ಊರು ಬಾಕಿ ಇತ್ತು.